ಎರಡು ಗಂಟೆಗೊಮ್ಮೆ ಏಳುವವನು

ಕರಿಬಸಪ್ಪ ಆಸ್ಪತ್ರೆಯಿಂದ ಆಶ್ರಮಕ್ಕೆ ಮರಳಿದಾಗ ಗುರು ಮುಪ್ಪಿನಯ್ಯನವರು ಹೊಳೆಯ ಮೆಟ್ಟಿಲ ಮೇಲೆ ಕೂತು ಕಾಲು ತೊಳೆಯುತ್ತಿದ್ದರು.

"ಹೇಗಿದೀಯ?" ಎಂದರು.

"ಗೊತ್ತಿಲ್ಲ ಅಯ್ಯನವರೆ."

"ನೋವಿದೆಯಾ?"

"ಇದೆ. ಅದೊಂದು ಗೊತ್ತಾಗುತ್ತೆ. ಬೇರೆ ಏನೂ ಗೊತ್ತಾಗ್ತಿಲ್ಲ."

ಕರಿಬಸಪ್ಪನಿಗೆ ಐವತ್ತೇಳು ವರ್ಷ. ಮೂತ್ರಕೋಶದಲ್ಲಿ ಗಡ್ಡೆ ಬೆಳೆದಿತ್ತು, ಕ್ಯಾನ್ಸರ್ ಎಂದರು. ನಗರದ ವೈದ್ಯರು ಮೂತ್ರಕೋಶವನ್ನೇ ತೆಗೆದುಹಾಕಿ, ಅವನದೇ ಕರುಳಿನ ಒಂದು ತುಂಡನ್ನು ಚೀಲದಂತೆ ಹೊಲಿದು ಆ ಜಾಗದಲ್ಲಿ ಕೂರಿಸಿದ್ದರು. ಮೂರು ವಾರ ನಳಿಕೆಯಲ್ಲಿ ಮೂತ್ರ ಹೋಯಿತು. ಈಗ ನಳಿಕೆ ತೆಗೆದು, ಇನ್ನು ನೀನೇ ಕಲಿಯಬೇಕು ಎಂದು ಕಳಿಸಿಕೊಟ್ಟಿದ್ದರು.

"ಏನು ಕಲೀಬೇಕಂತೆ?"

"ಮೂತ್ರ ಮಾಡೋದನ್ನ."

ಗುರುಗಳು ನಗಲಿಲ್ಲ.

"ಮೊದಲಿನ ಮೂತ್ರಕೋಶ ತುಂಬಿದರೆ ಕರೀತಿತ್ತು. ಇದು ಕರೆಯೋದಿಲ್ಲ. ಎರಡು ಗಂಟೆಗೊಂದು ಸಲ ಗಡಿಯಾರ ನೋಡಿ ಎದ್ದು ಹೋಗಬೇಕು. ಕೂತು, ಕೆಳಗೆ ಸಡಿಲ ಬಿಟ್ಟು, ಹೊಟ್ಟೆ ಮೆಲ್ಲಗೆ ಒತ್ತಬೇಕು. ಬಂದರೆ ಬಂತು," ಎಂದ ಕರಿಬಸಪ್ಪ.

"ಸರಿ. ಹಾಗೇ ಮಾಡು."

"ಅಷ್ಟೇನಾ?"

"ಕೊನೇ ಸಲ ಹೋಗಿದ್ದು ಯಾವಾಗ?"

ಕರಿಬಸಪ್ಪ ಗಡಿಯಾರ ನೋಡಿದ. ಹೋಗಿ ಬಂದು ಎರಡೂಕಾಲು ಗಂಟೆ ಆಗಿತ್ತು. ಎದ್ದು ಓಡಿದ.

ಮುಂದಿನ ದಿನಗಳು ಅವನಿಗೆ ಅರ್ಥವಾಗಲಿಲ್ಲ.

ಒಂದು ಮಧ್ಯಾಹ್ನ ಹೊಟ್ಟೆಯಲ್ಲಿ ಏನೋ ಭಾರ ಎನಿಸಿತು. ಹಸಿವೆಂದುಕೊಂಡು ಅಡುಗೆಮನೆಗೆ ಹೋಗಿ ಎರಡು ರೊಟ್ಟಿ ತಿಂದ. ಎದ್ದು ನಿಂತಾಗ ಪಂಚೆ ಒದ್ದೆಯಾಯಿತು. ಅದು ಹಸಿವಾಗಿರಲಿಲ್ಲ. ಮರುದಿನ ಅದೇ ಭಾರ. ಈ ಸಲ ಮೋಸಹೋಗಬಾರದೆಂದು ಶೌಚಾಲಯದಲ್ಲಿ ಅರ್ಧ ಗಂಟೆ ಕೂತ. ಬರೀ ವಾಯು.

ಬೆಳಗಾದರೆ ಹಾಸಿಗೆ ಒದ್ದೆ. ಯಾರೂ ಏಳುವ ಮುಂಚೆ ಪಂಚೆಯನ್ನು ಹೊಳೆಗೆ ಒಯ್ದು ಕಲ್ಲಿಗೆ ಬಡಿಯುತ್ತಿದ್ದ. ಮೂರನೆಯ ದಿನ ಹಿಂದಿನಿಂದ ಗುರುಗಳ ದನಿ ಕೇಳಿತು.

"ಅಷ್ಟು ಜೋರಾಗಿ ಬಡೀಬೇಡ. ಹೊಟ್ಟೆಯ ಹೊಲಿಗೆ ಇನ್ನೂ ಹಸಿ."

ಕರಿಬಸಪ್ಪ ತಿರುಗಿ ನೋಡಲಿಲ್ಲ. "ಅಯ್ಯನವರೆ, ಮೂತ್ರದ ಜೊತೆ ಬಿಳೀ ಲೋಳೆ ಬರುತ್ತೆ. ಕರುಳಿಗೆ ಲೋಳೆ ಬಿಡೋದು ಅಭ್ಯಾಸ. ಕತ್ತರಿಸಿ ಬೇರೆ ಕಡೆ ಹೊಲಿದರೂ ಅದಕ್ಕಿನ್ನೂ ತಾನು ಕರುಳು ಅಂತಲೇ ನೆನಪಂತೆ."

"ಪಾಪ," ಎಂದರು ಗುರುಗಳು.

"ಯಾರು ಪಾಪ? ನಾನೋ, ಕರುಳೋ?"

ಗುರುಗಳು ತಮ್ಮ ಹೆಗಲ ಮೇಲಿದ್ದ ಒಣ ಪಂಚೆಯನ್ನು ಅವನ ಹೆಗಲಿಗೆ ಹಾಕಿ ಮೆಟ್ಟಿಲು ಹತ್ತಿ ಹೋದರು.

ಆ ಆಶ್ರಮದಲ್ಲಿ ಹುಣ್ಣಿಮೆಗೂ ಅಮಾವಾಸ್ಯೆಗೂ ಬೆಳಿಗ್ಗೆ ಎರಡೂವರೆ ಗಂಟೆ ಕಾಲ ಮೌನದಲ್ಲಿ ಕೂರುವ ಪದ್ಧತಿ. ನಡುವೆ ಯಾರೂ ಏಳಬಾರದು. ಆ ನಿಯಮ ಹಾಕಿದವರು ಮುಪ್ಪಿನಯ್ಯನವರೇ.

ಹದಿನೆಂಟು ವರ್ಷ ಕರಿಬಸಪ್ಪ ಮೊದಲ ಸಾಲಿನಲ್ಲಿ ಕೂತಿದ್ದ. ಮೂಗಿನ ಮೇಲೆ ನೊಣ ಕೂತರೂ ಕೈ ಎತ್ತಿದವನಲ್ಲ. ಹೊಸಬರು ಬಂದರೆ ಹಳಬರು ಅವನನ್ನು ತೋರಿಸಿ, "ಕೂತರೆ ಹಾಗೆ ಕೂರಬೇಕು" ಎನ್ನುತ್ತಿದ್ದರು. ಹೊಲ, ಮನೆ ಎಲ್ಲ ಬಿಟ್ಟು ಬಂದವನಿಗೆ ತನ್ನದು ಎಂದು ಉಳಿದಿದ್ದದ್ದು ಅದೊಂದೇ.

ಹುಣ್ಣಿಮೆ ಹತ್ತಿರ ಬಂತು.

ದಿನಕ್ಕೆ ಮೂರು ಲೀಟರ್ ನೀರು ಕುಡಿಯಬೇಕೆಂದು ವೈದ್ಯರು ಹೇಳಿದ್ದರು. ಹಿಂದಿನ ದಿನ ಬೆಳಿಗ್ಗೆಯಿಂದಲೇ ಅವನು ನೀರು ಬಿಟ್ಟ. ಯಾರಿಗೂ ಹೇಳಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ಮೊದಲ ಸಾಲಿನಲ್ಲಿ ಕೂತ. ಎರಡೂವರೆ ಗಂಟೆ ಅಲುಗಾಡಲಿಲ್ಲ. ಪಂಚೆ ಒಣಗೇ ಇತ್ತು. ಒಂದು ತಿಂಗಳಲ್ಲಿ ಅವನು ನಕ್ಕಿದ್ದು ಅವತ್ತೇ ಮೊದಲು.

ಆಮೇಲೆ ಶೌಚಾಲಯಕ್ಕೆ ಹೋದ. ಬರಲಿಲ್ಲ. ಸಡಿಲ ಬಿಟ್ಟ, ಒತ್ತಿದ, ಬಾಗಿದ. ಒಂದು ಹನಿಯೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಕೆಳಹೊಟ್ಟೆ ಬಿಗಿದು ಕಲ್ಲಾಗಿತ್ತು. ಗೋಡೆ ಹಿಡಿದು ಬೆವರುತ್ತ ನಿಂತಿದ್ದವನನ್ನು ಗುರುಗಳು ಕಂಡರು.

"ನಿನ್ನೆಯಿಂದ ಎಷ್ಟು ನೀರು ಕುಡಿದೆ?"

ಅವನು ಗೋಡೆಯ ಕಡೆ ಮುಖ ತಿರುಗಿಸಿದ.

"ಕೇಳಿದ್ದು ಕೇಳಿಸ್ತಾ?"

"ಎರಡು ಲೋಟ."

ಗುರುಗಳು ಬರಿಗಾಲಲ್ಲೇ ರಸ್ತೆಗೆ ಹೋಗಿ ಆಟೋ ನಿಲ್ಲಿಸಿದರು.

ಹತ್ತಿರದ ಊರಿನ ಆಸ್ಪತ್ರೆಯಲ್ಲಿ ಒಬ್ಬ ನರ್ಸಮ್ಮ ನಗರದ ವೈದ್ಯರಿಗೆ ಫೋನ್ ಮಾಡಿ ಕೇಳಿಕೊಂಡು, ನಳಿಕೆ ಹಾಕಿ, ಉಪ್ಪುನೀರು ಬಿಟ್ಟು ತೊಳೆದಳು. ಲೋಳೆಯ ಗಟ್ಟಿಗಳು ಬಂದವು. ಅದರ ಹಿಂದೆಯೇ ಮೂತ್ರ ಬಂತು, ಬರುತ್ತಲೇ ಇತ್ತು.

"ನೀರು ಕಡಿಮೆಯಾದರೆ ಲೋಳೆ ಗಟ್ಟಿಯಾಗಿ ದಾರಿ ಕಟ್ಟುತ್ತೆ. ಹೊಲಿಗೆ ಬಿಟ್ಟಿದ್ದರೆ ಏನು ಮಾಡ್ತಿದ್ರಿ? ಯಾರಿಗೆ ತೋರಿಸೋಕೆ ಈ ಹಟ?" ಎಂದು ಅವಳು ಬೈದಳು.

ಕರಿಬಸಪ್ಪ ಕಣ್ಣು ಮುಚ್ಚಿಕೊಂಡ.

ಅವಳು ಗುರುಗಳ ಕಡೆ ತಿರುಗಿದಳು. "ನೀವ್ಯಾರು? ಅಪ್ಪನಾ?"

"ಇವನಿಗೆ ಪಾಠ ಹೇಳೋನು."

"ಇದನ್ನ ಹೇಳಿಕೊಡಲಿಲ್ವಾ?"

"ನನಗೂ ಈಗಲೇ ಗೊತ್ತಾಗಿದ್ದು ತಾಯಿ. ತಪ್ಪಾಯ್ತು," ಎಂದರು ಮುಪ್ಪಿನಯ್ಯನವರು.

ಒಂದು ವಾರ ಇರಲಿ ಎಂದು ನಳಿಕೆಯನ್ನು ಹಾಗೇ ಬಿಟ್ಟು ಕಳಿಸಿದರು.

ಸಂಜೆ ಕರಿಬಸಪ್ಪ ಹೊಳೆಯ ದಂಡೆಯಲ್ಲಿ ಕೂತಿದ್ದ. ಗುರುಗಳು ಅವನ ಮುಂದೆ ಒಂದು ಚೊಂಬು ನೀರು ಇಟ್ಟಿದ್ದರು.

"ಹದಿನೆಂಟು ವರ್ಷ ಅಲ್ಲಾಡದೆ ಕೂತೆ," ಎಂದ. "ದೇಹ ನನ್ನ ಮಾತು ಕೇಳುತ್ತೆ ಅಂದುಕೊಂಡಿದ್ದೆ. ಹಾಗಾದರೆ ಅದೇನು?"

"ನಿನ್ನ ಮೂತ್ರಕೋಶ ಸುಮ್ಮನೆ ಕೂತಿತ್ತು. ನೀನು ಕೂತೆ ಅಂದುಕೊಂಡೆ."

ಕರಿಬಸಪ್ಪ ಚೊಂಬನ್ನು ಪಕ್ಕಕ್ಕೆ ಸರಿಸಿದ.

"ಹಾಗಾದರೆ ನಾನಿಲ್ಲಿ ಏನೂ ಕಲಿಯಲೇ ಇಲ್ವಾ?"

"ನೀರು ಕುಡಿ."

"ಅಯ್ಯನವರೆ, ನಾನು ಚನ್ನಗಿರಿಗೆ ಹೋಗಿಬಿಡ್ತೀನಿ. ತಂಗಿ ಮನೆಯಲ್ಲಿ ಒಂದು ಮೂಲೆ ಇದೆ. ಅಲ್ಲಿ ಒದ್ದೆಯಾದರೆ ನೋಡೋರು ಕಡಿಮೆ."

"ಹೋಗು. ಅಮಾವಾಸ್ಯೆಗೆ ಕೂತು ಹೋಗು."

"ಕೂರೋಕಾಗಲ್ಲ ಅಂತಲೇ ಹೋಗ್ತಿರೋದು!"

"ಗೊತ್ತು. ಕುಡಿ."

ಅವನು ಕುಡಿದ. ಸಿಟ್ಟಿನಲ್ಲೇ ಇಡೀ ಚೊಂಬು ಖಾಲಿ ಮಾಡಿದ.

ವಾರ ಕಳೆದು ನಳಿಕೆ ತೆಗೆದರು. ಮತ್ತೆ ಗಡಿಯಾರ, ಮತ್ತೆ ಒದ್ದೆ ಪಂಚೆ. ಒಂದು ದಿನ ಸಂಜೆಯವರೆಗೂ ಪಂಚೆ ಒದ್ದೆಯಾಗಲಿಲ್ಲ. ಏಕೆಂದು ತಿಳಿಯಲಿಲ್ಲ. ಮರುದಿನ ಎಲ್ಲವನ್ನೂ ಹಾಗೇ ಮಾಡಿದ, ನಾಲ್ಕು ಸಲ ಒದ್ದೆಯಾಯಿತು. ಅದೂ ಏಕೆಂದು ತಿಳಿಯಲಿಲ್ಲ.

ಅಮಾವಾಸ್ಯೆಯ ದಿನ ಅವನು ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ ಕೂತ. ಮಧ್ಯಾಹ್ನದ ಬಸ್ಸಿಗೆ ಹೋಗುವುದೆಂದು ತಂಗಿಗೆ ಹೇಳಿಯಾಗಿತ್ತು. ನೀರನ್ನು ಮಾತ್ರ ಬಿಟ್ಟಿರಲಿಲ್ಲ.

ಮೌನ ಶುರುವಾಯಿತು. ಒಂದೂವರೆ ಗಂಟೆ ಕಳೆಯಿತು. ಎರಡು ಗಂಟೆಯಾದದ್ದು ಅವನಿಗೆ ಗೊತ್ತಾಯಿತು. ಎದ್ದರೆ ನಲವತ್ತು ಜನ ನೋಡುತ್ತಾರೆ. ಏಳದಿದ್ದರೆ? ಒಳಗೆ ತುಂಬಿದೆಯೋ, ಅರ್ಧವಿದೆಯೋ, ಏನೂ ಇಲ್ಲವೋ. ಕಣ್ಣು ಮುಚ್ಚಿ ಹೊಟ್ಟೆಯನ್ನೇ ಕೇಳಿದ. ಹೊಟ್ಟೆ ಏನೂ ಹೇಳಲಿಲ್ಲ.

ಆಗ ಮುಂದುಗಡೆ ಹಲಗೆ ಕಿರುಗುಟ್ಟಿತು.

ಮುಪ್ಪಿನಯ್ಯನವರು ಪೀಠದಿಂದ ಎದ್ದಿದ್ದರು. ಮೊಣಕಾಲು ಹಿಡಿದುಕೊಂಡು ಸಾಲುಗಳ ನಡುವೆ ನಡೆದು ಬಂದರು. ಒಬ್ಬೊಬ್ಬರೇ ಕಣ್ಣು ತೆರೆದರು. ಗುರುಗಳು ಕರಿಬಸಪ್ಪನ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದರು:

"ಏಳು. ಹೊತ್ತಾಯ್ತು."

"ಅಯ್ಯನವರೆ, ಮೌನ..."

"ಅದು ಮುರಿದುಹೋಯ್ತು. ನನಗೂ ಹೋಗಬೇಕು. ಏಳು."

ಕರಿಬಸಪ್ಪ ಎದ್ದ. ಕಿವಿ ಸುಡುತ್ತಿತ್ತು. ಯಾರೋ ಕಿಸಕ್ಕನೆ ನಕ್ಕರು. ಹೆಂಗಸರ ಸಾಲಿನಲ್ಲಿ ಒಬ್ಬ ಮುದುಕಿಯೂ ಗೋಡೆ ಹಿಡಿದು ಎದ್ದಳು. "ಒಂದು ಗಂಟೆಯಿಂದ ತಡ್ಕೊಂಡಿದೀನಪ್ಪಾ, ಶಿವನೇ," ಎನ್ನುತ್ತ ಅವರಿಬ್ಬರಿಗಿಂತ ಮುಂಚೆ ಹೊರಗೆ ಹೋದಳು.

ಗಂಡಸರ ಶೌಚಾಲಯಗಳು ಎರಡು, ನಡುವೆ ಒಂದು ತಗಡಿನ ಗೋಡೆ. ಕರಿಬಸಪ್ಪ ಒಂದಕ್ಕೆ ಹೋದ. ಗುರುಗಳು ಇನ್ನೊಂದಕ್ಕೆ.

ಬಹಳ ಹೊತ್ತು ಎರಡೂ ಕಡೆ ಸದ್ದಿಲ್ಲ.

"ಬಂತಾ?" ಎಂದರು ಗುರುಗಳು ಆಚೆಯಿಂದ.

"ಇಲ್ಲ. ನಿಮಗೆ?"

"ಎಂಬತ್ತೆರಡಾಯ್ತು ನನಗೆ. ನಾನು ಹೇಳಿದಾಗ ಬರೋದು ಯಾವತ್ತೋ ನಿಂತುಹೋಯ್ತು."

ಕರಿಬಸಪ್ಪನಿಗೆ ಇದು ಗೊತ್ತಿರಲಿಲ್ಲ. ಹದಿನೆಂಟು ವರ್ಷದಲ್ಲಿ ಅವನು ಕೇಳಿಯೂ ಇರಲಿಲ್ಲ.

ಉಸಿರು ಬಿಟ್ಟ. ಕೆಳಗೆ ಸಡಿಲ ಬಿಟ್ಟ. ಮುಂದಕ್ಕೆ ಬಾಗಿದ. ಸ್ವಲ್ಪ ಬಂತು, ನಿಂತಿತು. ಮತ್ತೆ ಸ್ವಲ್ಪ ಬಂತು.

"ಎಲ್ಲಾ ಹೋಯ್ತೋ ಇಲ್ವೋ ತಿಳೀತಿಲ್ಲ," ಎಂದ.

"ಹಾಗಾದರೆ ಇನ್ನಷ್ಟು ಹೊತ್ತು ಕೂತಿರು. ನನಗೇನೂ ಅವಸರವಿಲ್ಲ."

ಅವನು ಕೂತ.

"ಇವತ್ತು ನಾನು ಹೋಗಲ್ಲ ಅಯ್ಯನವರೆ."

"ಎಲ್ಲಿಗೆ?"

"ಚನ್ನಗಿರಿಗೆ."

"ಹೂಂ."

ಕರಿಬಸಪ್ಪ ಅಂಗೈಯನ್ನು ಕೆಳಹೊಟ್ಟೆಯ ಹೊಲಿಗೆಯ ಮೇಲೆ ಇಟ್ಟುಕೊಂಡ. ಅಲ್ಲಿ ಬಿಸಿಯಾಗಿತ್ತು.

"ಇದು ಕರುಳೂ ಅಲ್ಲ, ಮೂತ್ರಕೋಶವೂ ಅಲ್ಲ. ಯಾರದೋ ಸಾಮಾನು ನನ್ನೊಳಗೆ ಇಟ್ಟ ಹಾಗಿದೆ. ಇದು ನನ್ನದು ಅಂತ ನನಗೆ ಯಾವಾಗ ಅನ್ನಿಸುತ್ತೆ?"

ತಗಡಿನ ಆಚೆ ಸಣ್ಣಗೆ ಮೂತ್ರದ ಸದ್ದು ಕೇಳಿತು, ನಿಂತಿತು.

"ಹಳೆಯದು ನಿನ್ನದು ಅಂತ ಯಾವತ್ತು ಅನ್ನಿಸಿತ್ತು?" ಎಂದರು ಗುರುಗಳು.