ಸರ್ಜಪ್ಪನಾಯಕನ ಧಿಮಾಕು

ವಿಜಾಪುರದಲ್ಲಿ ಆರು ತಿಂಗಳು ಇದ್ದು ಬಂದ ಮೇಲೆ ಸರ್ಜಪ್ಪನಾಯಕನಿಗೆ ಸ್ವಂತ ಊರಿನ ಗಾಳಿಯೂ ಹಿಡಿಸದಾಯಿತು. ಅವನು ಕರಿಕಲ್ಲುದುರ್ಗದ ದೊರೆ ಬೊಮ್ಮಣ್ಣನಾಯಕನ ಹೆಂಡತಿಯ ತಮ್ಮ. ಕಂಬಳಿಯ ಮೇಲೆ ಕೂರುತ್ತಿರಲಿಲ್ಲ, ಮೈ ತುರಿಸುತ್ತದಂತೆ. ಮುದ್ದೆ ಬಡಿಸಿದರೆ, "ಅಲ್ಲಿ ಇದನ್ನು ಕುದುರೆಗೂ ಹಾಕುವುದಿಲ್ಲ" ಎನ್ನುತ್ತಿದ್ದ. "ಈ ದುರ್ಗದಲ್ಲಿ ಪಾರ್ಸಿ ಭಾಷೆ ಬಲ್ಲವನು ನಾನೊಬ್ಬನೇ" ಎಂದು ದಿನಕ್ಕೆ ನಾಲ್ಕು ಸಲ ಹೇಳದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವನು ಸಿಡಿಮಿಡಿಗುಟ್ಟುತ್ತ ಸಭೆಗೆ ನುಗ್ಗಿದ. ಹಿಂದೆ ಇಬ್ಬರು ಆಳುಗಳು ಕುಂಬಾರ ಈರವ್ವನನ್ನು ಕರೆತಂದರು.

"ಭಾವ, ಈ ಹೆಂಗಸು ನಡುಬೀದಿಯಲ್ಲಿ ನನ್ನ ಮಾನ ಕಳೆದಳು. ಇವಳು ಮಡಕೆ ಮಾಡುವ ತಿಗರಿ ಒಡೆಸಿ. ಸಂಜೆಯೊಳಗೆ ಊರು ಬಿಡಿಸಿ!"

"ಏನಮ್ಮ ಅಂದೆ?" ಎಂದ ದೊರೆ.

"ಬುದ್ಧಿ, ಬಾಯಾರಿಕೆ ಅಂತ ಅವರೇ ನೀರು ಕೇಳಿದರು. ಕೊಟ್ಟೆ. 'ಮಣ್ಣಿನ ಕುಡಿಕೆಯಲ್ಲಿ ಕುಡಿಯೋಕೆ ನಾನೇನು ದನ ಕಾಯೋನಾ' ಅಂತ ನೆಲಕ್ಕೆ ಬಡಿದರು. ಒಣಗೋಕಿಟ್ಟ ಮಡಕೆ ಇಪ್ಪತ್ತನ್ನೂ ಒದ್ದರು. 'ಅಬ್ಬಾ, ಎಷ್ಟು ಧಿಮಾಕು ನಿಮಗೆ!' ಅಂದೆ."

"ಕೇಳಿದಿರಾ? ಇಲ್ಲೂ ಅಂದಳು!" ಎಂದು ಸರ್ಜಪ್ಪ ಕುಣಿದಾಡಿದ.

ದೊರೆಗೆ ಪೇಚಾಟ. ಭಾವಮೈದುನನ ಮಾತು ತೆಗೆದುಹಾಕಿದರೆ ರಾಣಿ ಒಂದು ವಾರ ಮುಖ ತಿರುಗಿಸುತ್ತಾಳೆ. ನಡೆಸಿಕೊಟ್ಟರೆ ಊರೇ ಉಗಿಯುತ್ತದೆ. ಅವನು ಓಲೆ ಬರೆಯುವ ಗೋಣಿಬಸಪ್ಪನ ಕಡೆ ನೋಡಿದ. ಗೋಣಿಬಸಪ್ಪ ಓಲೆ ಕೊರೆಯುವ ಕಂಟವನ್ನು ಕಿವಿಗೆ ಸಿಕ್ಕಿಸಿಕೊಂಡು ಎದ್ದ.

"ಮಹಾಸ್ವಾಮಿ, ದಂಡನೆಯ ಓಲೆ ಬರೆಯುವವನು ನಾನು. ಅದಕ್ಕೆ ಮುಂಚೆ ನಾಯಕರ ಹತ್ತಿರ ಒಂದು ಪಾರ್ಸಿ ಮಾತು ಕೇಳಿಕೊಳ್ಳಲೇ? ಇಲ್ಲಿ ಬಲ್ಲವರು ಅವರೊಬ್ಬರೇ."

ಸರ್ಜಪ್ಪನ ಎದೆ ಎರಡು ಗೇಣು ಉಬ್ಬಿತು. "ಕೇಳು, ಕೇಳು."

"ಬುರುಡೆಯೊಳಗೆ ಮೆದುಳು ಅಂತ ಇರುತ್ತದಲ್ಲ, ಅದಕ್ಕೆ ಪಾರ್ಸಿಯಲ್ಲಿ ಏನಂತಾರೆ?"

"ಇಷ್ಟೂ ಗೊತ್ತಿಲ್ಲವೇ? ದಿಮಾಗ್!"

"ಹಿಂದಿನವರಿಗೆ ಕೇಳಿಸಲಿಲ್ಲ."

"ದಿಮಾಗ್! ದಿಮಾಗ್!"

"ಅದೇ ಮಾತು ಮಹಾಸ್ವಾಮಿ," ಎಂದು ಗೋಣಿಬಸಪ್ಪ ಕೈ ಮುಗಿದ. "ಕುದುರೆ ಮಾರುವವರ ಜೊತೆ ನಮ್ಮ ಸಂತೆಗೆ ಬಂತು. ನಮ್ಮ ಜನರ ನಾಲಿಗೆಯಲ್ಲಿ ಹೊರಳಿ ಧಿಮಾಕು ಆಯಿತು. ಈರವ್ವ ಅಂದದ್ದು ಇಷ್ಟೇ: ಅಬ್ಬಾ, ಎಷ್ಟು ಮೆದುಳು ನಿಮಗೆ! ಹೊಗಳಿದವಳನ್ನು ಊರು ಬಿಡಿಸುವುದೇ? ಇಲ್ಲ, ಅವಳು ಹೇಳಿದ್ದು ಸುಳ್ಳು ಎನ್ನುವುದಾದರೆ ನಾಯಕರು ತಮ್ಮ ಬಾಯಲ್ಲೇ ಹೇಳಲಿ. ಬರೆದುಕೊಳ್ಳುತ್ತೇನೆ."

"ಬರೆದುಕೋ! ನನಗೆ ಎಳ್ಳಷ್ಟೂ ಧಿಮಾಕಿಲ್ಲ!"

ಸಭೆ ಗೊಳ್ಳೆಂದಿತು. ಹೇಳಿದ್ದು ಏನೆಂದು ಸರ್ಜಪ್ಪನಿಗೆ ಆಗ ಹೊಳೆಯಿತು.

"ಅಲ್ಲಲ್ಲ, ಇದೆ! ತಲೆ ತುಂಬ ಇದೆ! ಈ ಊರಲ್ಲಿ ಯಾರಿಗೂ ಇಲ್ಲದಷ್ಟು ಧಿಮಾಕು ನನಗಿದೆ!"

ಬಾಗಿಲು ಕಾಯುವವನು ಈಟಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡ. ಈರವ್ವ ಮಾತ್ರ ನಗದೆ, "ನಾನೂ ಅದನ್ನೇ ಅಂದದ್ದು ಬುದ್ಧಿ," ಎಂದಳು.

ದೊರೆ ಕಣ್ಣೊರೆಸಿಕೊಂಡ. "ಸರ್ಜಪ್ಪ, ಅವಳ ಮಾತನ್ನು ನೀನೇ ಒಪ್ಪಿದೆಯಲ್ಲ! ಇನ್ನು ಒದ್ದ ಕಾಲಿನ ವಿಚಾರ. ಆ ಇಪ್ಪತ್ತು ಮಡಕೆ ಮತ್ತೆ ಆಗುವ ತನಕ ಈರವ್ವನ ಅಂಗಳದಲ್ಲಿ ಮಣ್ಣು ತುಳಿ. ಅಕ್ಕನಿಗೆ ನಾನು ಹೇಳುತ್ತೇನೆ."

ಸರ್ಜಪ್ಪ ತಲೆ ತಗ್ಗಿಸಿ ಹೊರಟ. ಈರವ್ವ ಹಿಂದೆಯೇ ನಡೆದಳು, "ಮೋಜಡಿ ಬಿಚ್ಚಿ ತುಳೀಬೇಕು ನಾಯಕರೇ, ಮಣ್ಣಿಗೆ ಹರಳು ಸೇರೀತು" ಎನ್ನುತ್ತ.

ದೊರೆ ತನ್ನ ಹೆಗಲ ಶಾಲನ್ನು ಗೋಣಿಬಸಪ್ಪನಿಗೆ ಹೊದಿಸಿದ. ಆಮೇಲೆ ಮೆಲ್ಲಗೆ ಕೇಳಿದ: "ಅಲ್ಲಯ್ಯ, ಅಲ್ಲಿ ಮೆದುಳು ಅನ್ನುವ ಮಾತು ಇಲ್ಲಿ ಬಂದು ಜಂಬ ಹೇಗಾಯಿತು?"

"ಪಾಪ, ಅದು ಮೆದುಳನ್ನೇ ಹುಡುಕಿಕೊಂಡು ಬಂತು ಮಹಾಸ್ವಾಮಿ. ಕೆಲವರ ತಲೆಯೊಳಗೆ ಇಣುಕಿ ನೋಡಿತು, ಮನೆ ಖಾಲಿ. ಅಷ್ಟು ದೂರದಿಂದ ಬಂದದ್ದು ವಾಪಸು ಹೋಗಲಾದೀತೇ? ಒಳಗಿದ್ದ ಗಾಳಿಗೇ ತನ್ನ ಹೆಸರಿಟ್ಟುಬಿಟ್ಟಿತು!"