ತೊಲೆಗೆ ತೂಗಿದ ಗಂಟೆ

“ಗುರುಗಳೇ, ಸೋಲು ಪಾಠ ಕಲಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಮತ್ತೆ ಮತ್ತೆ ಸೋತಿದ್ದೇನೆ. ಅದು ನನಗೇಕೆ ಏನನ್ನೂ ಕಲಿಸಲಿಲ್ಲ?”

ಕೇಳಿದವನು ಅಡವಯ್ಯ, ಮಠದ ಪಾಠಶಾಲೆಯ ವಿದ್ಯಾರ್ಥಿ. ಆ ದಿನ ಬೆಳಗ್ಗೆ ಸಭೆಯಲ್ಲಿ ವ್ಯಾಕರಣದ ಮೌಖಿಕ ಪರೀಕ್ಷೆ ನಡೆದಿತ್ತು. ಹಿಂದಿನಂತೆ ಈ ವರ್ಷವೂ ಅವನು ತೇರ್ಗಡೆಯಾಗಲಿಲ್ಲ. ಅವನೊಡನೆ ಸೇರಿದವರೆಲ್ಲ ಮೇಲಿನ ತರಗತಿಗೆ ಹೋಗಿದ್ದರು. ಅವನಿಗಿಂತ ಕಿರಿಯರು ಈಗ ಅವನ ಪಕ್ಕದಲ್ಲಿ ಕುಳಿತು ಪಾಠ ಹೇಳಿಸಿಕೊಳ್ಳುತ್ತಿದ್ದರು. ಮಧ್ಯಾಹ್ನ ಊಟದ ಪಂಕ್ತಿಯಲ್ಲಿ ಅವರಲ್ಲೊಬ್ಬ, “ಅಡವಯ್ಯಣ್ಣ, ನಮ್ಮ ತರಗತಿಯ ಕಂಬಗಳನ್ನು ಎಣಿಸುವಾಗ ನಿಮ್ಮನ್ನೂ ಸೇರಿಸಿಕೊಂಡುಬಿಡಬಹುದು” ಎಂದು ನಗೆಯಾಡಿದ್ದ. ಅಡವಯ್ಯನಿಗೆ ಸಿಟ್ಟು ಬರಲಿಲ್ಲ. ಸಿಟ್ಟಾಗುವುದಕ್ಕೂ ಮನುಷ್ಯನಲ್ಲಿ ಒಂದಿಷ್ಟು ಕಸುವು ಉಳಿದಿರಬೇಕು.

“ನಾಳೆ ಊರಿಗೆ ಹೊರಡುತ್ತೇನೆ. ಮತ್ತೆ ಬರುವುದಿಲ್ಲ. ತಾವು ಅಪ್ಪಣೆ ಕೊಡಬೇಕು” ಎಂದು ಅವನು ಸೇರಿಸಿದ.

ಗುರುಗಳು ಮುದುಕರು. ಬೆಳಗ್ಗೆಯೆಲ್ಲ ಪರೀಕ್ಷೆಯ ಸಭೆಯಲ್ಲಿ ಕುಳಿತು ಅವರ ಸೊಂಟವೂ ಸೋತಿತ್ತು. ಅವರು ಗೋಡೆಗೆ ಒರಗಿಕೊಂಡರು.

“ಹೋಗುವವನನ್ನು ತಡೆಯುವುದಿಲ್ಲಪ್ಪ. ಕುಳಿತುಕೋ. ಒಂದು ಕತೆಯಿದೆ, ಕೇಳಿ ಹೋಗು.”

ಅಡವಯ್ಯ ಕುಳಿತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಗಂಟೆ ಎರೆಯುವ ಕಂಚುಗಾರನೊಬ್ಬನಿದ್ದ. ಮೇಣದಲ್ಲಿ ಗಂಟೆಯ ರೂಪ ಮಾಡಿ, ಅದರ ಮೇಲೆ ಮಣ್ಣು ಮೆತ್ತಿ, ಮೇಣವನ್ನು ಕರಗಿಸಿ ಹೊರತೆಗೆದು, ಉಳಿದ ಪೊಳ್ಳಿನೊಳಗೆ ಕಾದ ಕಂಚನ್ನು ಎರೆಯುವುದು ಅವನ ಕಸುಬು. ಕಂಚು ಆರಿದ ಮೇಲೆ ಮಣ್ಣಿನ ಅಚ್ಚನ್ನು ಒಡೆದರೆ ಒಳಗೆ ಗಂಟೆ. ಅದು ಬಿರುಕು ಬಿಟ್ಟಿದ್ದರೂ ಲೋಹಕ್ಕೆ ಮೋಸವಿಲ್ಲ. ಮೂಸೆಗೆ ಹಾಕಿ ಮತ್ತೆ ಕರಗಿಸಬಹುದು. ಬೇರೆಲ್ಲ ಕಡೆ ಹಾಗೆಯೇ ಮಾಡುತ್ತಿದ್ದರು. ಈ ಕಂಚುಗಾರನ ಎರಕದ ಸಾಲೆಯಲ್ಲಿ ಮಾತ್ರ ಬೇರೊಂದು ಕಟ್ಟಳೆಯಿತ್ತು. ಒಡಕು ಗಂಟೆಯನ್ನು ಕೂಡಲೇ ಕರಗಿಸಕೂಡದು. ಅದನ್ನು ಚಾವಣಿಯ ತೊಲೆಗೆ ತೂಗುಹಾಕಬೇಕು. ಎರೆದವನು ಪ್ರತಿದಿನ ಕೆಲಸಕ್ಕೆ ಕೈಹಚ್ಚುವ ಮೊದಲು ಎಲ್ಲರೆದುರು ಅದನ್ನು ಬಾರಿಸಬೇಕು. ಯಜಮಾನನಾದ ಕಂಚುಗಾರ ‘ಇಳಿಸು’ ಎನ್ನುವವರೆಗೆ ಅದು ಅಲ್ಲೇ ಇರಬೇಕು.

ಅಲ್ಲಿಗೆ ಒಬ್ಬ ಯುವಕ ಕೆಲಸ ಕಲಿಯಲು ಬಂದ. ಅವನ ಮೊದಲ ಗಂಟೆ ಬಿರುಕು ಬಿಟ್ಟಿತು. ಕಟ್ಟಳೆಯಂತೆ ತೂಗಿ ಬಾರಿಸಿದ.

“ಏನಪ್ಪಾ, ಇದು ಗಂಟೆಯೋ ಗಂಜಿಯ ಪಾತ್ರೆಯೋ?” ಎಂದ ಒಬ್ಬ ಕೆಲಸಗಾರ.

“ಸುಮ್ಮನಿರೋ! ಇದನ್ನು ಗುಡಿಗೆ ಕಟ್ಟಿದರೆ ದೇವರು ಪೂಜೆ ಬಿಟ್ಟು ಎದ್ದುಬಂದು, ‘ಊಟಕ್ಕೆ ಎಲೆ ಹಾಕಿದಿರಾ’ ಎಂದು ಕೇಳುತ್ತಾನೆ” ಎಂದ ಇನ್ನೊಬ್ಬ.

ಸಾಲೆಯೆಲ್ಲ ನಕ್ಕಿತು. ಯುವಕನ ಕಿವಿಗೆ ಬಿದ್ದದ್ದು ಆ ನಗು ಮಾತ್ರ. ಮರುದಿನ ಉಳಿದವರು ಬರುವ ಮೊದಲೇ ಅವನು ಗಂಟೆಯನ್ನು ಇಳಿಸಿ ಮೂಸೆಗೆ ಹಾಕಿಬಿಟ್ಟ. ಯಜಮಾನ ಬಂದು ಬರಿದಾದ ತೊಲೆಯನ್ನು ನೋಡಿದ. ತನ್ನ ಕೆಲಸಕ್ಕೆ ಹೋದ.

ಮುಂದಿನ ಗಂಟೆಯೂ ಬಿರುಕು ಬಿಟ್ಟಿತು. ಅದು ತೊಲೆಯನ್ನು ಕಾಣಲೇ ಇಲ್ಲ. ಅದರ ಮುಂದಿನವುಗಳ ಗತಿಯೂ ಅದೇ. ಯುವಕ ಮೈಗಳ್ಳನಾಗಿರಲಿಲ್ಲ. ಮಣ್ಣನ್ನು ಇನ್ನಷ್ಟು ನುಣ್ಣಗೆ ಜರಡಿ ಹಿಡಿದ. ಮೇಣವನ್ನು ಮತ್ತೆ ಮತ್ತೆ ಸೋಸಿದ. ಎರಕದ ದಿನ ಉಪವಾಸವಿದ್ದ. ಕುಲದೇವರಿಗೆ ಹರಕೆ ಹೊತ್ತ. ಎಷ್ಟು ದುಡಿದರೂ ಕೈಗೆ ಬಂದದ್ದು ಒಡಕು ಗಂಟೆಯೇ.

“ಪಾಪ!” ಎಂದ ಅಡವಯ್ಯ, ಕತೆಯ ನಡುವೆ. ತನ್ನ ದನಿ ತನಗೇ ಕೇಳಿ ನಾಚಿದ. ಗುರುಗಳು ಅವನತ್ತ ನೋಡದೆ ಮುಂದುವರಿಸಿದರು.

ಕೊನೆಗೊಂದು ದಿನ ಆ ಯುವಕ ಯಜಮಾನನ ಮುಂದೆ ಬಂದು ನಿಂತ.

“ಯಜಮಾನರೇ, ಈ ವಿದ್ಯೆ ನನಗೆ ಒಲಿಯಲಿಲ್ಲ. ನಾನು ಹೊರಡುತ್ತೇನೆ.”

“ಹೊರಡು. ನಿನ್ನ ಗಂಟೆಗಳು ಎಲ್ಲಿ ಬಿರುಕು ಬಿಡುತ್ತಿದ್ದವು, ಅದೊಂದನ್ನು ಹೇಳಿ ಹೊರಡು. ನಿನ್ನ ಹಿಂದೆ ಬರುವವನಿಗೆ ಬೇಕಾಗುತ್ತದೆ.”

“ಅದು ನನಗೆ ತಿಳಿಯದು.”

“ಹಾಗಾದರೆ ಇನ್ನೊಂದು ಗಂಟೆ ಎರೆ. ತಿಳಿದು, ಹೇಳಿ, ಹೋಗು.”

ಯುವಕ ಎರೆದ. ಗಂಟೆ ಚೆನ್ನಾಗಿ ಬರಲಿ ಎಂಬ ಆಸೆ ಅವನಲ್ಲಿ ಉಳಿದಿರಲಿಲ್ಲ, ಮುಗಿದರೆ ಸಾಕಾಗಿತ್ತು. ಅದು ಬಿರುಕು ಬಿಟ್ಟಿತು. ತೊಲೆಗೆ ತೂಗಿದ. ದಿನವೂ ಬಾರಿಸಿದ. ಕೆಲಸಗಾರರು ದಿನವೂ ನಕ್ಕರು. ಆದರೆ ಒಂದೇ ಗಂಟೆಗೆ ಎಷ್ಟು ದಿನವೆಂದು ನಕ್ಕಾರು? ಅವರಿಗೂ ಸಾಕೆನಿಸಿತು. ನಗು ನಿಂತ ಮೇಲೆ ಸಾಲೆಯಲ್ಲಿ ಗಂಟೆಯ ಸದ್ದೊಂದೇ ಉಳಿಯಿತು. ಅವನು ಅದನ್ನು ಮೊದಲ ಬಾರಿಗೆ ಕೇಳಿದ. ಒಂದು ಮಗ್ಗುಲಿಗೆ ಹೊಡೆದರೆ ನಾದ ತುಸು ದೂರ ಹೋಗುತ್ತಿತ್ತು. ಇನ್ನೊಂದು ಮಗ್ಗುಲಿಗೆ ಹೊಡೆದರೆ ಹುಟ್ಟಿದಲ್ಲೇ ಸಾಯುತ್ತಿತ್ತು. ಆ ಮಗ್ಗುಲನ್ನು ಬೆರಳಿನಿಂದ ಸವರಿದ. ನಡುಮಟ್ಟದಲ್ಲಿ ಕೂದಲೆಳೆಯಂಥ ಗೆರೆಯೊಂದು ಉಗುರಿಗೆ ಸಿಕ್ಕಿತು. ಅಲ್ಲಿ ಮೇಲಿನ ಕಂಚು ಕೆಳಗಿನ ಕಂಚಿನೊಡನೆ ಕೂಡಿಕೊಂಡಿರಲಿಲ್ಲ.

ಆ ಗೆರೆ ಹೇಗೆ ಬಂತೆಂದು ಅವನಿಗೆ ಹೊಳೆಯಲು ತಡವಾಗಲಿಲ್ಲ. ಕಂಚು ಎರೆಯುವಾಗ ಪ್ರತಿ ಸಲವೂ ಅವನು ನಡುವೆ ಒಮ್ಮೆ ಕೈ ತಡೆಯುತ್ತಿದ್ದ. ಇದೂ ಕೆಡುತ್ತದೆಯೋ ಏನೋ ಎಂದು ಅಚ್ಚಿನ ಬಾಯಿಯನ್ನು ಇಣುಕಿ ನೋಡುತ್ತಿದ್ದ. ಅಷ್ಟರಲ್ಲಿ ಮೊದಲು ಇಳಿದ ಕಂಚು ಆರಿ ಕೆನೆಗಟ್ಟುತ್ತಿತ್ತು.

ಹೋಗಿ ಯಜಮಾನನಿಗೆ ಹೇಳಿದ. “ಇಳಿಸು. ಇನ್ನು ನೀನು ಹೋಗಬಹುದು” ಎಂದ ಯಜಮಾನ. ಯುವಕ ಗಂಟೆಯನ್ನು ಇಳಿಸಿದ, ಹೋಗಲಿಲ್ಲ. ಅದೇ ಕಂಚನ್ನು ಕರಗಿಸಿ, ಈ ಸಲ ಕೈ ತಡೆಯದೆ ಎರೆದ. ಆ ಗಂಟೆಯೂ ಬಿರುಕು ಬಿಟ್ಟಿತು. ಆದರೆ ನಡುವಿನಲ್ಲಲ್ಲ, ಬಾಯಂಚಿನಲ್ಲಿ. ಯಾರೂ ಹೇಳದೆಯೇ ಅವನು ಅದನ್ನು ಎತ್ತಿ ತೊಲೆಗೆ ತೂಗಿದ.

ಗುರುಗಳು ಇಷ್ಟು ಹೇಳಿ ಕಣ್ಣು ಮುಚ್ಚಿದರು. ಅಡವಯ್ಯ ಕಾದ. ಕತೆ ಮುಂದುವರಿಯಲಿಲ್ಲ.

“ಆಮೇಲೆ ಅವನು ಒಳ್ಳೆಯ ಗಂಟೆ ಎರೆದನೇ, ಗುರುಗಳೇ?”

ಗುರುಗಳು ಕಣ್ಣು ತೆರೆದರು.

“ಬೆಳಗ್ಗೆ ಫಲ ಸಾರಿದ ಮೇಲೆ ಪರೀಕ್ಷಕರು ನಿನ್ನ ತಪ್ಪುಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದರಲ್ಲ, ಅಡವಯ್ಯ, ಆಗ ನೀನು ಎಲ್ಲಿದ್ದೆ?”

“ಫಲ ಕೇಳಿದೊಡನೆ ಸಭೆಯಿಂದ ಎದ್ದು ಹೋಗಿದ್ದೆ, ಗುರುಗಳೇ” ಎಂದ ಅಡವಯ್ಯ.