ಹತ್ತಿಯನ್ನು ಹಿಡಿದುಕೊಂಡ ಹಗ್ಗ

ಬನ್ನಿ ಮಕ್ಕಳೇ, ಕಾಲು ಚಾಚಿ ಆರಾಮಾಗಿ ಕೂತ್ಕೊಳ್ಳಿ, ಆಕಾಶದಿಂದ ಜಿಗಿಯೋರ ಕಥೆ ಹೇಳ್ತೀನಿ.

ವಿಮಾನದಿಂದ ಹಾರುವವರು ಬೆನ್ನಿಗೆ ಕಟ್ಟಿಕೊಳ್ಳುವ ಪ್ಯಾರಾಚೂಟ್ ಒಂದಿತ್ತು. ಅದರ ಹಗ್ಗಗಳಲ್ಲಿ ಒಂದು, ಕಬ್ಬಿಣದ ಬಳೆಗೆ ಉಜ್ಜಿ ಉಜ್ಜಿ ಸವೆದುಹೋಗಿತ್ತು. ಮರುದಿನ ಬೋಜಮ್ಮ ಜಿಗಿಯಬೇಕು. ಅದಕ್ಕೆ ಮೊದಲು, ಪ್ಯಾರಾಚೂಟ್ ಪರೀಕ್ಷೆ ಮಾಡಿ ಮಡಚಿಡುವ ಸುಭದ್ರಕ್ಕ ಒಂದೊಂದು ಹಗ್ಗದ ಮೇಲೂ ಹತ್ತಿಯ ಉಂಡೆ ಸವರಿ ನೋಡುತ್ತಾಳೆ. ಎಳೆ ಕಿತ್ತಿದ್ದ ಕಡೆ ಹತ್ತಿ ಸಿಕ್ಕಿಕೊಳ್ಳುತ್ತದೆ.

ಪ್ಯಾರಾಚೂಟ್ ಪಿಸುಗುಟ್ಟಿತು: "ತಮ್ಮಾ, ಅವಳು ಸವರುವಾಗ ನುಣ್ಣಗೆ ಮಲಗಿಬಿಡು. ಸಿಕ್ಕಿಬಿದ್ದರೆ ನಿನ್ನನ್ನು ಕಿತ್ತು ಹಾಕ್ತಾಳೆ, ನನಗೂ ನಾಳೆ ಆಕಾಶ ತಪ್ಪುತ್ತೆ."

"ಆಕಾಶ ಎಲ್ಲಿಗೂ ಓಡಿಹೋಗಲ್ಲ ಅಣ್ಣಾ," ಅಂತು ಹಗ್ಗ. "ಮೇಲೆ ನಾನು ಕಿತ್ತುಹೋದರೆ ನೀನು ಒಂದು ಕಡೆ ವಾಲಿ ಗಿರಗಿರ ತಿರುಗ್ತೀಯ. ಆಗ ಬೋಜಮ್ಮನ ಗತಿ?"

"ಇಷ್ಟು ದಿನ ತಡೆದವನಿಗೆ ಇನ್ನೊಂದು ಸಲ ಆಗಲ್ವಾ, ಹೇಡಿ?"

"ಹೇಡಿಯಾಗಿದ್ದರೆ ನೀನು ಹೇಳಿದ ಹಾಗೆ ಮಲಗ್ತಿದ್ದೆ."

ಸುಭದ್ರಕ್ಕನ ಕೈ ಬಂತು. ಹಗ್ಗ ತನ್ನ ಕಿತ್ತ ಎಳೆಗಳನ್ನೆಲ್ಲ ನಿಮಿರಿಸಿ ಹತ್ತಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

ಸುಭದ್ರಕ್ಕ ಅದನ್ನು ಬಿಚ್ಚಿ ಹೊಸ ಹಗ್ಗ ಹಾಕಿದಳು. ಮರುದಿನದ ಜಿಗಿತ ಮುಂದಕ್ಕೆ ಹೋಯಿತು. ಪ್ಯಾರಾಚೂಟ್ ನಾಲ್ಕು ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ ಎಂದಿನಂತೆ ಮೋಡದ ನಡುವೆ ಅರಳಿತು. ಬೋಜಮ್ಮ ನೆಟ್ಟಗೆ ನೆಲಕ್ಕಿಳಿದು ಬಿಸಿಬಿಸಿ ಕಾಫಿ ಕುಡಿದಳು. ಆ ಹಳೇ ಹಗ್ಗ ಈಗ ಶೆಡ್ಡಿನ ಹಿಂದೆ ಬೋಜಮ್ಮನ ಬಟ್ಟೆ ಒಣಗಿಸಿಕೊಂಡು, ಗಾಳಿ ಬಂದಾಗಲೆಲ್ಲ ತೂಗಾಡಿಕೊಂಡು, ಸುಖವಾಗಿದೆ.